ಜಾರದ ಟೈರು ಮಾರಿದ ಮಳೆಗಾಲ

ಗುಂಡಗಿರುವ ಸಾಮಾನು ಮಾರುವವನ ಬದುಕು ನೆಟ್ಟಗಿರುವುದಿಲ್ಲ. ಇದು ಗಾದೆಯಲ್ಲ, ನಾನೇ ಅನುಭವಿಸಿ ಹೇಳುತ್ತಿರುವ ಮಾತು. ಬಟ್ಟೆ ಅಂಗಡಿಯವನು ಬಟ್ಟೆ ಮಡಚಿಟ್ಟು ನೆಮ್ಮದಿಯಾಗಿ ಕೂರಬಹುದು. ಟೈರಿನ ಅಂಗಡಿಯಲ್ಲಿ ಬೆಳಗಾದರೆ ಸಾಕು, ಒಂದಲ್ಲ ಒಂದು ಫಜೀತಿ ತಾನಾಗಿ ಉರುಳಿಕೊಂಡು ಬರುತ್ತದೆ.

ಕೊಡಗು ಇನ್ನೂ ತನ್ನದೇ ಪ್ರತ್ಯೇಕ ರಾಜ್ಯವಾಗಿದ್ದ ಕಾಲ ಅದು. ನಮ್ಮಪ್ಪ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಹೊಗೆಸೊಪ್ಪು ಬೆಳೆಯುತ್ತಿದ್ದರು. ನನಗೋ ಹೊಗೆಸೊಪ್ಪಿನ ಘಾಟಿಗೆ ಸೀನು ಹತ್ತಿದರೆ ಹದಿನೈದು ಸಲಕ್ಕೆ ಕಡಿಮೆ ನಿಲ್ಲುತ್ತಿರಲಿಲ್ಲ. ಹಾಗಾಗಿ ಮೀಸೆ ಬಲಿತ ಮೇಲೆ ಮಡಿಕೇರಿಗೆ ಬಂದು ಒಂದು ಟೈರಿನ ಅಂಗಡಿ ಸೇರಿಕೊಂಡೆ. ಅಂಗಡಿಯ ಸಾಹುಕಾರರು ಶನಿವಾರಸಂತೆ ಕಡೆಯವರು, ಹಣೆ ತುಂಬ ವಿಭೂತಿ, ಬಾಯಿ ತುಂಬ ಗದರಿಕೆ.

ಸೇರಿದ ದಿನವೇ ಕರೆದು ಹೇಳಿದರು. "ನೋಡಯ್ಯ, ನಮ್ಮಲ್ಲಿ ಟೈರು ಎರಡೇ ಜಾತಿ. ಉದ್ದುದ್ದ ಗೆರೆ ಇರೋದು ಒಣ ರಸ್ತೆಗೆ. ದಪ್ಪ ದಪ್ಪ ಬಟನ್ ಇರೋದು ಮಳೆಗೆ, ಕೆಸರಿಗೆ. ಯಾರಿಗೆ ಯಾವುದು ಅಂತ ನೀನೇ ನೋಡಿ ಕೊಡು. ಒಂದು ಮಳೆಗಾಲ ನೋಡ್ತೀನಿ. ನಮ್ಮ ಅಂಗಡಿ ಟೈರು ಜಾರಿತು ಅಂತ ಒಂದೇ ಒಂದು ದೂರು ಬರಲಿ, ನಿನ್ನ ಚೀಲ ಕಟ್ಟಿ ಕುಶಾಲನಗರದ ಬಸ್ಸು ಹತ್ತಿಸ್ತೀನಿ. ಬರದಿದ್ರೆ ಆಯುಧಪೂಜೆ ದಿನ ನಿನ್ನ ಕೆಲಸ ಖಾಯಂ."

ಮಡಿಕೇರಿಯ ಮಳೆಗಾಲದಲ್ಲಿ ಮನುಷ್ಯರೇ ಅಂಗಳದಲ್ಲಿ ನೆಟ್ಟಗೆ ನಿಲ್ಲುವುದು ಕಷ್ಟ. ಅಂಥಾದ್ದರಲ್ಲಿ ಊರಿನ ಗಾಡಿಯೆಲ್ಲ ಜಾರದಂತೆ ನೋಡಿಕೊಳ್ಳುವ ಹೊಣೆ ನನ್ನ ತಲೆಗೆ ಬಂತು. ಕಣ್ಣು ಮುಚ್ಚಿದರೆ ಹೊಗೆಸೊಪ್ಪು ಕಾಣುತ್ತಿತ್ತು, ಸೀನೂ ಬರುತ್ತಿತ್ತು.

೧. ಸುಳಿ ನೋಡಿದವರು

ಮೊದಲ ಗಿರಾಕಿ ನಮ್ಮೂರ ಕಡೆಯ ಒಬ್ಬ ರೈತರು. ಎತ್ತಿನ ಗಾಡಿಗೆ ಮರದ ಚಕ್ರ ತೆಗೆದು ರಬ್ಬರ್ ಟೈರು ಹಾಕಿಸಬೇಕೆಂದು ಬಂದಿದ್ದರು. ನಾನು ಗೆರೆಯದೊಂದು, ಬಟನ್ನಿನದೊಂದು ಟೈರು ತಂದು ಮುಂದಿಟ್ಟು ವಿವರಿಸಲು ಬಾಯಿ ತೆರೆದೆ.

"ನೀ ಸುಮ್ಕಿರ್ಲಾ, ನಾ ನೋಡ್ಕತೀನಿ" ಅಂದರು. ಪಂಚೆ ಮೇಲೆತ್ತಿ ಕಟ್ಟಿ ಟೈರಿನ ಸುತ್ತ ಎರಡು ಸುತ್ತು ಬಂದರು. ಬೆನ್ನು ತಟ್ಟುವ ಹಾಗೆ ತಟ್ಟಿದರು. ಆಮೇಲೆ ಕುಕ್ಕರಗಾಲಲ್ಲಿ ಕೂತು ಮೂಗು ತಾಗುವಷ್ಟು ಹತ್ತಿರದಿಂದ ನೋಡತೊಡಗಿದರು. ಹೊಸ ಟೈರಿನ ಮೈಮೇಲೆ ಅಚ್ಚಿನಿಂದ ಬಂದ ಸಣ್ಣ ಸಣ್ಣ ರಬ್ಬರ್ ಎಳೆ ಇರುತ್ತವಲ್ಲ, ಕೂದಲಿನ ಹಾಗೆ, ಅವನ್ನು ಒಂದೊಂದಾಗಿ ಬೆರಳಲ್ಲಿ ಸರಿಸಿ ನೋಡುತ್ತಿದ್ದಾರೆ.

"ಏನು ಹುಡುಕ್ತಿದ್ದೀರಿ ಗೌಡ್ರೆ?"

"ಸುಳಿ ಕಣ್ಲಾ. ಎತ್ತು ತಗಳೋವಾಗ ಸುಳಿ ನೋಡ್ದೆ ತಕತಾರೇನ್ಲಾ? ಇಲ್ಲಿ ನೋಡು, ಈ ಕೂದ್ಲು ಎಡಕ್ಕೆ ಬಾಗೈತೆ. ಇದು ಮನೆಗೆ ಆಗಿಬರಾಕಿಲ್ಲ. ಬ್ಯಾರೆ ತೋರ್ಸು."

ಹನ್ನೊಂದು ಟೈರು ತೋರಿಸಿದೆ. ಹನ್ನೆರಡನೆಯದರ ಕೂದಲು ಒಪ್ಪಿಗೆಯಾಯಿತು, ಪುಣ್ಯಕ್ಕೆ ಅದು ಬಟನ್ ಟೈರೇ. ಅದಕ್ಕೆ ಜೊತೆಯಾಗುವ ಇನ್ನೊಂದನ್ನೂ ಆರಿಸಿ ಪಕ್ಕಪಕ್ಕ ನಿಲ್ಲಿಸಿ, "ಜೋಡಿ ಎತ್ತರ ಸರಿ ಐತೆ" ಅಂದರು. ಮುಗಿಯಿತು ಅಂದುಕೊಂಡೆ.

"ಈಗ ನಡ್ಸಿ ತೋರ್ಸು. ನಡಿಗೆ ನೋಡ್ದೆ ಜಾನುವಾರು ಹೊಡ್ಕೊಂಡು ಹೋಗಾಕಾಯ್ತದಾ?"

ನಮ್ಮ ಅಂಗಡಿ ಇದ್ದದ್ದು ಪೇಟೆ ಬೀದಿಯ ನೆತ್ತಿಯಲ್ಲಿ. ಅಲ್ಲಿಂದ ಬೀದಿ ಕೆಳಗಿಳಿಯುವುದೇ ಕೆಲಸ. ಬುದ್ಧಿ ಬೇಡವೇ ನನಗೆ! ಗಿರಾಕಿ ಹೇಳಿದರು ಅಂತ ಟೈರನ್ನು ಬೀದಿಗೆ ತಂದು ಮೆಲ್ಲಗೆ ತಳ್ಳಿದೆ. ನಾಲ್ಕು ಹೆಜ್ಜೆ ಸಭ್ಯವಾಗಿಯೇ ನಡೆಯಿತು. ಆಮೇಲೆ ಇಳಿಜಾರಿನ ರುಚಿ ಹತ್ತಿತು ನೋಡಿ, ಹೋಟೆಲಿನ ಮುಂದೆ ಕಾಫಿ ಹಿಡಿದು ನಿಂತಿದ್ದವರನ್ನು ಎರಡು ಭಾಗ ಮಾಡಿ, ಕಿತ್ತಳೆ ಬುಟ್ಟಿಯೊಂದನ್ನು ಹಾರಿ, ಕೊಡೆ ರಿಪೇರಿಯವನ ಮುಂದಿನಿಂದ ಹಾದು, ಕೆಳಗಿನ ಸರ್ಕಾರಿ ಕಚೇರಿಯ ಗೇಟಿನೊಳಗೆ ಹೋಗಿಬಿಟ್ಟಿತು. ಅಲ್ಲಿದ್ದ ಜವಾನ ಅದಕ್ಕೆ ಎದ್ದು ನಿಂತು ಸಲಾಮು ಹೊಡೆದನಂತೆ. ಒಳಗೆ ಬರುವುದೆಲ್ಲ ಸಾಹೇಬರ ಕಾರು ಅಂತ ಅವನಿಗೆ ಅಭ್ಯಾಸ.

ಸಾಹುಕಾರರು ಅಂಗಡಿಯಿಂದ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ಏನಯ್ಯ, ಇದು ಜಾರಿದ ಲೆಕ್ಕಕ್ಕೆ ಬರುತ್ತೋ?"

"ಇಲ್ಲ ಸಾಹುಕಾರ್ರೆ, ಇದು ಬರೀ ಉರುಳಿದ್ದು" ಅಂದೆ.

ಗೌಡರು ಮಾತ್ರ ಟೈರು ಹೋದ ದಾರಿಯನ್ನೇ ಮೆಚ್ಚಿಗೆಯಿಂದ ನೋಡುತ್ತಿದ್ದರು. "ಓಟ ಚೆಂದಾಗೈತೆ ಕಣ್ಲಾ" ಅಂದರು. "ಇನ್ನೂ ಹೊಸದು, ಪಳಗ್ಸಿಲ್ಲ. ಒಂದು ವಾರ ಕಟ್ಟಾಕಿದ್ರೆ ನಿಲ್ಲೋದು ಕಲೀತದೆ."

೨. ಎರಡು ರಾಜ್ಯ, ಎರಡು ಜೊತೆ

ಮಡಿಕೇರಿಯ ಒಬ್ಬ ಕಾಫಿ ವ್ಯಾಪಾರಿ ಬಹಳ ಲೆಕ್ಕಾಚಾರದ ಮನುಷ್ಯ. ಒಂದು ಕಾರಿಟ್ಟುಕೊಂಡಿದ್ದರು. ಗೆರೆ ಟೈರು ಒಣ ರಸ್ತೆಗೆ, ಬಟನ್ ಟೈರು ಮಳೆಗೆ ಎಂದು ನಾನು ಹೇಳಿದ್ದೇ ತಪ್ಪಾಯಿತು.

"ಸರಿ ಮಾರಾಯ. ಕುಶಾಲನಗರದ ಸೇತುವೆಯಿಂದ ಈಚೆಗೆ ನಮ್ಮ ಕೊಡಗು, ಯಾವಾಗಲೂ ಮಳೆ. ಆಚೆಗೆ ಮೈಸೂರು ರಾಜ್ಯ, ಯಾವಾಗಲೂ ಬಿಸಿಲು. ಹಾಗಾದರೆ ನನಗೆ ಎರಡು ಜೊತೆ ಬೇಕು. ಸೇತುವೆ ಹತ್ತಿರ ಬದಲಾಯಿಸಿಕೊಳ್ಳುವುದು."

"ಅಷ್ಟೆಲ್ಲ ಬೇಡಿ, ಬಟನ್ನೇ ಸಾಕು" ಅಂದೆ.

"ಮೈಸೂರಲ್ಲಿ ಜಾರಿದರೆ ನಿನ್ನ ಸಾಹುಕಾರರಿಗೆ ಹೇಳಲೋ?"

ನಾನು ಎಂಟು ಟೈರಿಗೆ ಬಿಲ್ಲು ಬರೆದೆ. ಸಾಹುಕಾರರೋ, ಒಂದು ಕಾರಿಗೆ ಎಂಟು ಟೈರು ಹೋಗುತ್ತದೆಂದು ಖುಷಿಯಾಗಿ, ಬದಲಾಯಿಸಿ ಕೊಡಲು ನನ್ನನ್ನೇ ಜೊತೆಗೆ ಕಳಿಸಿದರು. ನಾಲ್ಕು ಚಕ್ರ ಕಾರಿನ ಕೆಳಗೆ, ನಾಲ್ಕು ಚಕ್ರ ಕಾರಿನ ನೆತ್ತಿಯ ಮೇಲೆ. ಮಗುಚಿಬಿದ್ದರೂ ಪ್ರಯಾಣ ಮುಂದುವರಿಸಬಹುದಾದ ಕಾರು ಇಡೀ ಹಿಂದೂಸ್ಥಾನದಲ್ಲಿ ಅದೊಂದೇ ಇದ್ದಿರಬೇಕು.

ಸೇತುವೆ ಹತ್ತಿರ ತಲುಪಿದಾಗ ಆಚೆ ಕಡೆ ನಿಜಕ್ಕೂ ಬಿಸಿಲು. ಜಾಕಿ ಕೊಟ್ಟು ಒಂದೊಂದೇ ಚಕ್ರ ಬಿಚ್ಚಿ ನಾಲ್ಕೂ ಗೆರೆ ಟೈರು ಹಾಕಿದೆ. ಕೈ ಒರೆಸಿಕೊಂಡು ತಲೆಯೆತ್ತುತ್ತೇನೆ, ಆಚೆ ಕಡೆ ಧೋ ಅಂತ ಮಳೆ!

"ಬಟನ್ ಹಾಕು" ಅಂದರು ವ್ಯಾಪಾರಿ.

ಮತ್ತೆ ಜಾಕಿ, ಮತ್ತೆ ನಾಲ್ಕು ಚಕ್ರ. ನಾಲ್ಕನೆಯ ಚಕ್ರದ ನಟ್ಟು ಬಿಗಿಯುವ ಹೊತ್ತಿಗೆ ಮಳೆ ನಿಂತು, ರಸ್ತೆ ಹಬೆಯಾಡಿ ಒಣಗತೊಡಗಿತು. ವ್ಯಾಪಾರಿ ಆಕಾಶ ನೋಡಿದರು, ರಸ್ತೆ ನೋಡಿದರು, ನನ್ನನ್ನು ನೋಡಿದರು. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ.

ಸೇತುವೆಯ ಗಡಿ ಗೇಟಿನ ಹತ್ತಿರ ಬೀಡಿ ಸೇದುತ್ತ ನಿಂತಿದ್ದ ಪೊಲೀಸಿನವನು ಬೆಳಗಿನಿಂದ ಇದನ್ನೇ ನೋಡುತ್ತಿದ್ದ. ಹತ್ತಿರ ಬಂದು ಬಹಳ ಗೌರವದಿಂದ ಕೇಳಿದ. "ಸ್ವಾಮಿ, ತಾವು ಯಾವ ರಾಜ್ಯದವರು ಅಂತ ಇನ್ನೂ ತೀರ್ಮಾನ ಆಗಿಲ್ವಾ?"

ಮೂರನೇ ಸಲ ಬದಲಾಯಿಸಿ ಗೆರೆ ಟೈರು ಹಾಕಿ ಮುಗಿಸಿದಾಗ ಹೊತ್ತು ಇಳಿದಿತ್ತು. ಈಗ ಹೊರಟರೆ ಮೈಸೂರಿನ ಕೆಲಸ ಆಗುವುದಿಲ್ಲವೆಂದು ವ್ಯಾಪಾರಿ ಮನೆಗೇ ತಿರುಗಿದರು. ಮನೆಯ ದಿಕ್ಕು ಅಂದಮೇಲೆ ಮಳೆಯ ದಿಕ್ಕು, ಹಾಗಾಗಿ ನಾಲ್ಕನೇ ಸಲ ಬಟನ್.

ರಾತ್ರಿಗೆ ಮುಂಚೆ ಊರು ಮುಟ್ಟಿದಾಗ ಸಾಹುಕಾರರು ಬಾಗಿಲಲ್ಲೇ ಕೇಳಿದರು. "ಹೇಗಿತ್ತು ಟೈರು? ಮೈಸೂರಲ್ಲಿ ಎಲ್ಲಾದರೂ ಜಾರಿತೇ?"

"ಛೇ ಛೇ" ಅಂದರು ವ್ಯಾಪಾರಿ. "ಇದ್ದಲ್ಲಿಂದ ಅಲ್ಲಾಡಲೇ ಇಲ್ಲ!"

೩. ಉಚಿತ ಸೀಟು

ಗಾಳಿಬೀಡಿನ ಕಡೆ ಹೋಗುವ ಬಸ್ಸಿನ ಹಿಂದಿನ ಟೈರು ಸವೆದು ಬೋಳಾಗಿ ಎಷ್ಟೋ ಕಾಲವಾಗಿತ್ತು. ಒದ್ದೆ ಏರಿನಲ್ಲಿ ಚಕ್ರ ಸುಮ್ಮನೆ ತಿರುಗುವುದು, ಬಸ್ಸು ನಿಂತಲ್ಲೇ ನಿಲ್ಲುವುದು. ಅದಕ್ಕೆ ಡ್ರೈವರು ಒಂದು ಉಪಾಯ ಮಾಡಿದ್ದ. ಅಕ್ಕಿ ಗಿರಣಿಯ ಗುಮಾಸ್ತರೊಬ್ಬರು ದಿನಾ ಆ ಬಸ್ಸಿನಲ್ಲಿ ಹೋಗುತ್ತಿದ್ದರು. ಒಳ್ಳೆಯ ಆಳು, ಎರಡು ಮೂಟೆ ಅಕ್ಕಿಯ ತೂಕ. ಅವರನ್ನು ಸರಿಯಾಗಿ ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ಕೂರಿಸಿದರೆ ಟೈರು ರಸ್ತೆಯನ್ನು ಕಚ್ಚಿಕೊಳ್ಳುತ್ತಿತ್ತು. ಹೀಗಾಗಿ ಗುಮಾಸ್ತರಿಗೆ ಟಿಕೆಟ್ಟಿಲ್ಲ, ಕಿಟಕಿ ಪಕ್ಕದ ಜಾಗ, ಏರು ಬಂದಾಗ "ಅಣ್ಣ, ಸ್ವಲ್ಪ ಬಲಕ್ಕೆ" ಎಂಬ ವಿನಯದ ಮಾತು. ಅವರು ರಜೆ ಹಾಕಿದ ದಿನ ಬಸ್ಸಿಗೂ ರಜೆ.

ಬಸ್ಸಿನ ಯಜಮಾನರು ಕೊನೆಗೆ ನಮ್ಮಲ್ಲಿ ಹೊಸ ಬಟನ್ ಟೈರು ಹಾಕಿಸಿದರು. ಬಸ್ಸು ಯಾರ ಹಂಗೂ ಇಲ್ಲದೆ ಏರು ಹತ್ತಿತು. ನಾನು ಮೀಸೆ ತಿರುವಿಕೊಂಡೆ.

ಮೂರನೇ ದಿನ ಗುಮಾಸ್ತರು ಅಂಗಡಿಗೆ ಬಂದರು. ಮುಖ ಕೆಂಪಾಗಿತ್ತು.

"ನಿಮ್ಮ ಟೈರು ಸರಿಯಿಲ್ಲ. ಜಾರುತ್ತೆ. ನಾನು ಸಾಹುಕಾರ್ರ ಹತ್ರ ದೂರು ಕೊಡ್ತೀನಿ."

ಸಾಹುಕಾರರು ಒಳಗೆ ಪೂಜೆಗೆ ಕೂತಿದ್ದರು, ಗಂಟೆ ಶಬ್ದ ಕೇಳುತ್ತಿತ್ತು. ಗಂಟೆ ನಿಂತರೆ ನನ್ನ ಕಥೆಯೂ ಮುಗಿದಂತೆ. "ಎಲ್ಲಿ ಜಾರಿತು ಅಣ್ಣಾ? ಬಸ್ಸು ಚೆನ್ನಾಗಿ ಹತ್ತುತ್ತೆ ಅಂತ ಡ್ರೈವರೇ ಹೇಳಿದ್ನಲ್ಲ" ಅಂದೆ, ಕೈ ಮುಗಿದು.

"ಬಸ್ಸು ಹತ್ತುತ್ತೆ ಮಾರಾಯ, ಅದೇ ತೊಂದರೆ!" ಗುಮಾಸ್ತರು ಬೆಂಚಿನ ಮೇಲೆ ಕುಸಿದರು. "ನಿನ್ನೆ ಕಂಡಕ್ಟರು ನನ್ನ ಹತ್ರ ಬಂದು ಟಿಕೆಟ್ ಕೇಳ್ದ. ನನ್ನ ಹತ್ರ! ಎರಡು ವರ್ಷ ಆ ಬಸ್ಸನ್ನ ನಾನು ಗುಡ್ಡ ಹತ್ತಿಸಿದ್ದೀನಿ. ಇವತ್ತು ನಿಂತ್ಕೊಂಡು ಬಾ ಅಂತಾನೆ."

ನನಗೆ ಪಾಪ ಅನ್ನಿಸಿತು. ಕಾಫಿ ತರಿಸಿ ಕೊಟ್ಟು ಸಮಾಧಾನ ಹೇಳಿದೆ. ವಿರಾಜಪೇಟೆ ರಸ್ತೆಯ ಒಂದು ಬಸ್ಸಿನ ಟೈರು ಪೂರ್ತಿ ಬೋಳಾಗಿದೆಯೆಂದೂ, ಅವರು ನಮ್ಮ ಗಿರಾಕಿಯಲ್ಲವೆಂದೂ ಕಿವಿಯಲ್ಲಿ ಉಸುರಿದೆ. ಗುಮಾಸ್ತರ ಕಣ್ಣು ಅರಳಿತು. ಒಳಗೆ ಗಂಟೆ ನಿಲ್ಲುವ ಮೊದಲೇ ಅವರು ಎದ್ದು ಹೊರಟಾಗಿತ್ತು.

ಬಾಗಿಲಲ್ಲಿ ಒಂದು ಗಳಿಗೆ ತಿರುಗಿ ನಿಂತು ಕೇಳಿದರು. "ಆ ಬಸ್ಸಿನವ್ರಿಗೆ ನನ್ನ ಅನುಭವ ಎರಡು ವರ್ಷದ್ದು ಅಂತ ಒಂದು ಚೀಟಿ ಬರೆದುಕೊಡ್ತೀಯಾ?"

೪. ಆನೆಯ ಪಾದ

ಬಿಟ್ಟಂಗಾಲದ ಕಾಫಿ ತೋಟದ ಯಜಮಾನರೊಬ್ಬರು ಮಿಲಿಟರಿಯಿಂದ ನಿವೃತ್ತರಾಗಿ ಬಂದವರು. ಎಲ್ಲರೂ ಕ್ಯಾಪ್ಟನ್ರು ಅನ್ನುತ್ತಿದ್ದರು. ಜೀಪಿನಿಂದ ಇಳಿದವರೇ ನಮ್ಮ ಅಂಗಡಿಯ ಹಿತ್ತಲಿಗೆ ಹೋಗಿ, ಎಸೆಯಲೆಂದು ರಾಶಿ ಹಾಕಿದ್ದ ಬೋಳು ಟೈರುಗಳಲ್ಲಿ ನಾಲ್ಕನ್ನು ಕೋಲಿನಿಂದ ತೋರಿಸಿದರು.

"ಇದು ಹಾಕು."

"ಕ್ಯಾಪ್ಟನ್ರೇ, ಇದರಲ್ಲಿ ಗೆರೆಯೂ ಇಲ್ಲ, ಬಟನ್ನೂ ಇಲ್ಲ. ಮಳೆಯಲ್ಲಿ ಪಕ್ಕಾ ಜಾರುತ್ತೆ. ನನ್ನ ಕೆಲಸ ಹೋಗುತ್ತೆ."

"ನಿನಗೆ ಎಂತ ಗೊತ್ತು ಕುಂಞಿ? ನಿನ್ನೆ ನಾನು ದುಬಾರೆ ಆನೆ ಕ್ಯಾಂಪಿನಲ್ಲಿ ನೋಡಿದೆ. ಆನೆ ಇಷ್ಟು ದಪ್ಪದ ಮರ ಎಳ್ಕೊಂಡು ಕೆಸರಿನ ಗುಡ್ಡ ಹತ್ತಿತು. ಒಂದು ಇಂಚು ಜಾರಲಿಲ್ಲ. ಆನೆ ಕಾಲಿಗೆ ಬಟನ್ ಉಂಟಾ? ಗೆರೆ ಉಂಟಾ? ಬೋಳು ಕಾಲು!"

ಅವರ ಭಾಷೆಯಲ್ಲಿ ಕುಂಞಿ ಅಂದರೆ ಮಗು. ಪ್ರೀತಿಯ ಮಾತೇ, ಆದರೆ ಅವರು ಅಂದದ್ದು ಪರೇಡಿನ ಗಂಟಲಲ್ಲಿ. ನಾನು ಆಗುವುದಿಲ್ಲ ಅಂದೆ, ಅವರು ಆಗಲೇಬೇಕು ಅಂದರು. ಕೊನೆಗೆ ನನ್ನನ್ನು ಜೀಪಿಗೆ ಹತ್ತಿಸಿಕೊಂಡು ನೇರ ದುಬಾರೆಗೇ ಹೊರಟರು. ತೆಪ್ಪದಲ್ಲಿ ಹೊಳೆ ದಾಟಿಸಿ ಆನೆಯ ಮುಂದೆ ನಿಲ್ಲಿಸಿ, "ನೋಡು" ಅಂದರು.

ನಾನು ಮಾವುತನಿಗೆ ಕೈ ಮುಗಿದೆ. "ಅಣ್ಣ, ಒಂದು ಸಲ ಕಾಲೆತ್ತಿಸ್ತೀಯಾ?"

ಮಾವುತ ಒಂದು ಮಾತಾಡಿದ. ಆನೆ ಮುಂಗಾಲು ಮಡಚಿ ಎತ್ತಿತು. ನಾವಿಬ್ಬರೂ ಬಗ್ಗಿ ನೋಡಿದೆವು. ಅಂಗಾಲು ತುಂಬ ಬಿರುಕು, ಅಡ್ಡ ಗೆರೆ, ಉದ್ದ ಗೆರೆ, ನಡುವೆ ದಪ್ಪ ದಪ್ಪ ಚೌಕ. ಮಳೆಗೂ ಆಯಿತು, ಬಿಸಿಲಿಗೂ ಆಯಿತು, ಅಂಥ ಟೈರು ನಮ್ಮ ಅಂಗಡಿಯಲ್ಲೇ ಇರಲಿಲ್ಲ!

ಕ್ಯಾಪ್ಟನ್ರು ಒಂದೊಂದು ಗೆರೆಯನ್ನೂ ಬೆರಳಿಟ್ಟು ಎಣಿಸಿದರು. ಗೆದ್ದೆ ಅಂದುಕೊಂಡು ನಾನು ಒಳಗೊಳಗೇ ಕುಣಿದೆ. ಅವರು ಜೀಪಿನಿಂದ ತಂದಿದ್ದ ಖಾಲಿ ಕಾಫಿ ಚೀಲವನ್ನು ನೆಲಕ್ಕೆ ಹಾಸಿ, ಕೆಸರು ಮೆತ್ತಿದ ಪಾದವನ್ನು ಅದರ ಮೇಲೆ ಇಡಿಸಿದರು. ಚೀಲವನ್ನು ಜತನದಿಂದ ಎತ್ತಿ ನನ್ನ ಕೈಗೆ ಕೊಟ್ಟರು.

"ನಾಲ್ಕು. ಇದೇ ಡಿಸೈನು."

ಜಗಳ ಮಾಡುವ ತ್ರಾಣ ಉಳಿದಿರಲಿಲ್ಲ. ಅಂಗಡಿಗೆ ಬಂದು ನಾಲ್ಕು ಬಟನ್ ಟೈರು ಹಾಕಿಕೊಟ್ಟೆ. ಅವರು ಚೀಲ ಪಕ್ಕದಲ್ಲಿಟ್ಟು ಹೋಲಿಸಿ, "ಅದು ಬೇರೆ, ಇದು ಬೇರೆ" ಅಂತ ಹುಬ್ಬು ಗಂಟಿಕ್ಕಿದರು.

"ಇದು ಮರಿಯಾನೆದು ಕ್ಯಾಪ್ಟನ್ರೇ" ಅಂದೆ. "ಓಡಿಸ್ತಾ ಓಡಿಸ್ತಾ ದೊಡ್ಡದರ ಹಾಗೆ ಬಿರುಕು ಬಿಡುತ್ತೆ."

ಕ್ಯಾಪ್ಟನ್ರು ತಲೆದೂಗಿದರು. "ಮೊದಲೇ ಹೇಳ್ಬಾರ್ದಾ? ಎಷ್ಟು ವರ್ಷ ಬದುಕುತ್ತೆ?"

೫. ಹಬ್ಬದ ದಿನ

ಹೀಗೆ ಜೂನ್ ಹೋಯಿತು, ಜುಲೈ ಹೋಯಿತು, ಆಗಸ್ಟೂ ಹೋಯಿತು. ಒಂದೇ ಒಂದು ದೂರು ಬರಲಿಲ್ಲ. ಆಯುಧಪೂಜೆಯ ದಿನ ಬಂದೇ ಬಂತು. ಅವತ್ತಿಗೆ ನನ್ನ ಕೆಲಸ ಖಾಯಂ. ಅಪ್ಪನಿಗೆ ಮೊದಲೇ ಕಾಗದ ಬರೆದು ಜಂಬ ಕೊಚ್ಚಿಕೊಂಡಿದ್ದೆ. ಬೆಳಿಗ್ಗೆಯೇ ಇಸ್ತ್ರಿ ಅಂಗಿ ಹಾಕಿಕೊಂಡು ಅಂಗಡಿಗೆ ಬಂದೆ.

ಸಾಹುಕಾರರ ಮನೆ ಅಂಗಡಿಯ ಪಕ್ಕದಲ್ಲೇ, ಸ್ವಲ್ಪ ಮೇಲೆ. ಅವರ ಕಾರಿಗೆ ಆ ವಾರವೇ ನಾನು ನಾಲ್ಕು ಹೊಸ ಬಟನ್ ಟೈರು ಹಾಕಿದ್ದೆ. ಕಾರನ್ನು ಅಂಗಡಿಯ ಮುಂದೆ ತಂದು ನಿಲ್ಲಿಸಿ, ನಾಲ್ಕು ಜನರೆದುರು ಪೂಜೆ ಮಾಡಿಸುವುದು ಅವರ ಪದ್ಧತಿ. ಗಿರಾಕಿಗಳೆಲ್ಲ ಬಂದು ಸೇರಿದ್ದರು. ಪುರೋಹಿತರು ಗಡಿಬಿಡಿ ಮಾಡುತ್ತಿದ್ದರು. ಸಣ್ಣಗೆ ಮಳೆ ಹನಿಯುತ್ತಿತ್ತು.

ಸಾಹುಕಾರರು ರೇಷ್ಮೆ ಪಂಚೆಯಲ್ಲಿ ಅವಸರವಾಗಿ ಬಂದು ಕಾರು ಹತ್ತಿ ಸ್ಟಾರ್ಟ್ ಮಾಡಿದರು. ಕಾರು ಗೇಟಿನಿಂದ ಹೊರಗೆ ಬಂತು. ಅಂಗಡಿಯ ಮುಂದೆ ಬ್ರೇಕು ಹಾಕಿದರು. ಕಾರು ನಿಲ್ಲಲಿಲ್ಲ. ಮದುಮಗಳ ಹಾಗೆ ಮೆಲ್ಲಗೆ, ಓರೆಯಾಗಿ, ನಮ್ಮೆಲ್ಲರ ಮುಂದೆ ಜಾರಿಕೊಂಡು ಹೋಯಿತು. ಸಾಹುಕಾರರು ಒಳಗಿನಿಂದ ಎರಡೂ ಕೈಯಲ್ಲಿ ಸ್ಟೀರಿಂಗ್ ತಿರುಗಿಸುತ್ತಿದ್ದಾರೆ, ಕಾರು ತನಗಿಷ್ಟ ಬಂದ ಕಡೆಗೆ ಹೋಗುತ್ತಿದೆ. ಒಂದು ಪೂರ್ತಿ ಪ್ರದಕ್ಷಿಣೆ ಹಾಕಿ, ಮಾರಾಟಕ್ಕಿಟ್ಟಿದ್ದ ಬೂದುಗುಂಬಳಕಾಯಿಯ ರಾಶಿಗೆ ಹಿಂಭಾಗದಿಂದ ಹೋಗಿ ಕೂತಿತು. ಪೂಜೆಗೆ ಒಂದು ಕುಂಬಳ ಒಡೆಯಬೇಕು, ಅವತ್ತು ಹದಿನಾರು ಒಡೆಯಿತು.

ಸಾಹುಕಾರರು ಇಳಿದರು. ವಿಭೂತಿ ಬೆವರಲ್ಲಿ ಕರಗಿ ಇಳಿಯುತ್ತಿತ್ತು.

"ಜಾರಿತು!" ಎಂದು ಕೂಗಿದರು. "ನನ್ನ ಅಂಗಡಿ ಟೈರು, ನನ್ನದೇ ಕಾರು, ನನ್ನ ಗಿರಾಕಿಗಳ ಮುಂದೆ! ಕಟ್ಟಯ್ಯ ಚೀಲ! ಈಗಲೇ ಕಟ್ಟು!"

ಮೂಗಿಗೆ ಆಗಲೇ ಹೊಗೆಸೊಪ್ಪಿನ ಘಾಟು ಬಂದ ಹಾಗಾಯಿತು. ಆದರೂ ನನ್ನ ಟೈರು ಜಾರಿತು ಅಂದರೆ ನಂಬಲು ಮನಸ್ಸು ಒಪ್ಪಲಿಲ್ಲ. ಹೋಗಿ ಬಗ್ಗಿ ಮುಂದಿನ ಚಕ್ರ ಮುಟ್ಟಿದೆ. ಬೆರಳು ಸರ್ರನೆ ಜಾರಿತು. ಮೂಸಿ ನೋಡಿದೆ. ಕೊಬ್ಬರಿ ಎಣ್ಣೆ! ಒಂದೊಂದು ಬಟನ್ನಿನ ಸಂದಿಗೂ ಬಿಡದೆ ಹಚ್ಚಿ ತಿಕ್ಕಿದ ಕೊಬ್ಬರಿ ಎಣ್ಣೆ.

"ಸಾಹುಕಾರ್ರೆ, ಟೈರಿಗೆ ಯಾರೋ ಎಣ್ಣೆ ಹಚ್ಚಿದ್ದಾರೆ!"

"ಯಾವನೋ ಅವನು, ನನ್ನ ಮಾನ ಕಳೆಯೋಕೆ ನಿಂತವನು? ಎದುರಿಗೆ ಬರಲಿ!"

"ನಾನೇ ಕಣೋ" ಎಂಬ ದನಿ ಮೇಲಿನಿಂದ ಬಂತು.

ಸಾಹುಕಾರರ ತಾಯಿ. ಎಪ್ಪತ್ತು ದಾಟಿದವರು, ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲಿಳಿದು ಬರುತ್ತಿದ್ದರು. ಊರಲ್ಲಿ ಸಾಹುಕಾರರು ಹೆದರುತ್ತಿದ್ದದ್ದು ಅವರೊಬ್ಬರಿಗೇ.

"ಅವ್ವಾ, ಟೈರಿಗೆ ಯಾರಾದ್ರೂ ಎಣ್ಣೆ ಹಚ್ತಾರಾ?"

"ಯಾಕೆ ಹಚ್ಚಬಾರ್ದು? ದೀಪಾವಳಿ ನಮ್ಮ ಹಬ್ಬ, ನಮಗೆ ಎಣ್ಣೆ ಸ್ನಾನ. ಇವತ್ತು ಗಾಡಿಗಳ ಹಬ್ಬ, ಅದಕ್ಕೆ ಬೇಡ್ವಾ? ಪಾಪ, ವರ್ಷವೆಲ್ಲ ನಿಮ್ಮನ್ನ ಹೊತ್ಕೊಂಡು ಕಲ್ಲು ಮುಳ್ಳಲ್ಲಿ ಓಡುತ್ತೆ. ಬೆಳಗಿನ ಜಾವ ಎದ್ದು ನಾಲ್ಕೂ ಕಾಲಿಗೂ ನೀವಿ ನೀವಿ ಹಚ್ಚಿದೀನಿ."

"ಅದಕ್ಕೇ ಜಾರಿತಲ್ಲವ್ವಾ!"

"ಎಣ್ಣೆಯಿಂದ ಅಲ್ಲ ಕಣೋ, ನಿನ್ನ ಬುದ್ಧಿಯಿಂದ! ಒಂದು ಗಳಿಗೆ ನೆನೀಲಿ, ಆಮೇಲೆ ಸೀಗೆಪುಡಿ ಹಾಕಿ ತೊಳೆಯೋಣ ಅಂತ ನೀರು ಕಾಯಿಸೋಕೆ ಒಳಗೆ ಹೋದೆ. ಅಷ್ಟರಲ್ಲಿ ಹತ್ಕೊಂಡು ಓಡಿಬಂದ್ಯಲ್ಲ!" ಅವ್ವ ಗಿರಾಕಿಗಳ ಕಡೆ ತಿರುಗಿದರು. "ಚಿಕ್ಕಂದಿನಿಂದ ಇವನದು ಇದೇ ಚಾಳಿ. ಎಣ್ಣೆ ಹಚ್ಚಿ ಕೂರಿಸಿದ್ರೆ ಸೀಗೆಪುಡಿ ಕಲೆಸೋ ಅಷ್ಟರಲ್ಲಿ ಬರೀ ಮೈಯಲ್ಲಿ ಬೀದಿಗೆ ಓಡೋನು. ಹಿಡಿಯೋಕೆ ಹೋದ್ರೆ ಕೈಗೇ ಸಿಗ್ತಿರಲಿಲ್ಲ, ಜಾರಿ ಜಾರಿ ಹೋಗೋನು."

ನೆರೆದವರು ನಗು ತಡೆಯಲಾರದೆ ಆಕಾಶ ನೋಡಿದರು. ಪುರೋಹಿತರು ಮಂತ್ರ ಮರೆತರು. ಸಾಹುಕಾರರು ರೇಷ್ಮೆ ಪಂಚೆ ಹಿಡಿದುಕೊಂಡು ಐದು ವರ್ಷದ ಹುಡುಗನಾಗಿ ನಿಂತಿದ್ದರು.

"ಈ ಹುಡುಗನ್ನ ಯಾಕೋ ಬೈತಿದ್ದೆ?" ಅಂದರು ಅವ್ವ, ನನ್ನನ್ನು ತೋರಿಸಿ. "ಅವನ ಮೇಲೆ ಕೂಗಾಡಿದ್ದು ಸಾಕು. ಇಬ್ಬರೂ ಸೇರಿ ಕೆಲಸ ಮುಗಿಸಿ." ಒಂದು ಹಂಡೆ ಬಿಸಿನೀರು ಬಂತು, ಒಂದು ಬೋಗುಣಿ ಸೀಗೆಪುಡಿ ಬಂತು.

ಮಡಿಕೇರಿಯ ಪೇಟೆ ಬೀದಿಯ ನಡುವೆ, ಇಡೀ ಊರು ನೋಡುತ್ತಿರಲು, ಸಾಹುಕಾರರು ಮುಂದಿನ ಚಕ್ರಕ್ಕೂ ನಾನು ಹಿಂದಿನ ಚಕ್ರಕ್ಕೂ ಕೂತೆವು. ಸ್ವಲ್ಪ ಹೊತ್ತು ಉಜ್ಜಿದ ಮೇಲೆ ನಾನು ಮೆಲ್ಲಗೆ ಕೇಳಿದೆ. "ಸಾಹುಕಾರ್ರೆ, ನಾನು ಚೀಲ ಕಟ್ಟಬೇಕಾ?"

"ಬಾಯಿ ಮುಚ್ಕೊಂಡು ಉಜ್ಜಯ್ಯ" ಅಂದರು, ತಲೆಯೆತ್ತದೆ. "ಖಾಯಂ."

ನನಗೆ ಎದ್ದು ಕುಣಿಯುವಷ್ಟು ಸಂತೋಷವಾಯಿತು. ಆ ಉಮೇದಿನಲ್ಲಿ ಹಿಂದಿನ ಎರಡೂ ಚಕ್ರ ಮುಗಿಸಿ, ಕಾರಿನ ಮುಂದಕ್ಕೆ ಬಂದು, ಬೊಗಸೆ ತುಂಬ ಸೀಗೆಪುಡಿ ತೆಗೆದುಕೊಂಡು ಎಲ್ಲ ಕಡೆಗೂ ಬಳಿಯತೊಡಗಿದೆ.

"ಲೋ, ಲೋ, ನಿಧಾನ ಕಣೋ!" ಅವ್ವ ಓಡಿಬಂದು ಸೆರಗಿನಿಂದ ಕಾರಿನ ಎರಡೂ ದೀಪ ಮುಚ್ಚಿ ಹಿಡಿದರು. "ಕಣ್ಣಿಗೆ ಹೋದ್ರೆ ಉರಿಯಲ್ವೇನೋ?"